ಹಳ್ಳಿಯ ಹಳೇ ಮನೆಯಲ್ಲಿ ಇದ್ದುಕೊಂಡೇ ರಿಪೇರಿ ಮಾಡಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಹಳೇ ಮನೆ ರಿಪೇರಿ ಬಗ್ಗೆ ಯಾರನ್ನೇ ಕೇಳಿ, ಮಾಡಿನಿಂದ ಹಿಡಿದು ಬಣ್ಣದವರೆಗೆ ಕೆಲಸದ ಪಟ್ಟಿ ಕೊಡುತ್ತಾರೆ. ಪಟ್ಟಿ ಸರಿಯಾಗಿಯೇ ಇರುತ್ತದೆ. ಆದರೆ ಅದೇ ಮನೆಯಲ್ಲಿ ಸಂಸಾರ ಮಾಡಿಕೊಂಡು ರಿಪೇರಿ ನಡೆಸುವವರಿಗೆ ಅದೊಂದೇ ಸಾಲದು. ಇವತ್ತು ರಾತ್ರಿ ಎಲ್ಲಿ ಮಲಗುತ್ತೀರಿ? ನಾಳೆ ಬೆಳಿಗ್ಗೆ ಸ್ನಾನ ಎಲ್ಲಿ? ಒಲೆ ಎಲ್ಲಿಡುತ್ತೀರಿ? ಈ ಮೂರಕ್ಕೂ ಉತ್ತರ ಸಿಗುವವರೆಗೆ ಯಾವ ಗೋಡೆಗೂ ಸುತ್ತಿಗೆ ಹಾಕಿಸಬೇಡಿ. ಇರುವ ಜಾಗ ಮೊದಲು, ಕೆಲಸ ಆಮೇಲೆ. ಕೆಳಗಿನ ಎಲ್ಲ ಹಂತಗಳೂ ಈ ಲೆಕ್ಕದ ಮೇಲೇ ನಿಂತಿವೆ.

ಹಂತ 1: ಇರಬೇಕಾ, ಬೇರೆ ಕಡೆ ಹೋಗಬೇಕಾ?

ಮನೆಯಲ್ಲೇ ಇದ್ದರೆ ಬಾಡಿಗೆ ಉಳಿಯುತ್ತದೆ, ಕೆಲಸದ ಮೇಲೆ ಕಣ್ಣಿರುತ್ತದೆ. ನಿಜ. ಆದರೆ ಕೆಲಸ ನಿಧಾನ ಆಗುತ್ತದೆ ಅನ್ನುವುದೂ ಅಷ್ಟೇ ನಿಜ. ಇಡೀ ಮನೆ ಖಾಲಿ ಇದ್ದರೆ ಒಂದೇ ಸಲಕ್ಕೆ ಮುಗಿಯುವ ವಯರಿಂಗ್, ನೀವಿದ್ದರೆ ಕೋಣೆ ಕೋಣೆಗೆ ನಿಲ್ಲಬೇಕಾಗುತ್ತದೆ. ಸಾಮಾನು ಅತ್ತಿಂದಿತ್ತ ಸಾಗಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಈ ನಿಧಾನಕ್ಕೂ ಒಂದು ಬೆಲೆ ಇದೆ. ಉಳಿಯುವ ಬಾಡಿಗೆಯ ಪಕ್ಕದಲ್ಲಿ ಅದನ್ನೂ ಬರೆದು ನೋಡಿ.

ಮನೆಯಲ್ಲಿ ಎರಡು ಭಾಗ ಮಾಡಲು ಆಗುತ್ತದೆಯೇ ಎನ್ನುವುದೇ ಮುಖ್ಯ ಪ್ರಶ್ನೆ. ಹೊರಗಿನಿಂದ ಬರಲು ಎರಡು ಬಾಗಿಲು ಇದ್ದು, ಕೆಲಸದವರು ನಿಮ್ಮ ಮಲಗುವ ಕೋಣೆ ದಾಟದೆ ಓಡಾಡುವಂತಿದ್ದರೆ ಇರಬಹುದು. ಒಂದೇ ಬಾಗಿಲು, ಒಂದರ ಒಳಗೊಂದು ಕೋಣೆ ಇದ್ದರೆ ನನ್ನ ಸಲಹೆ ಇಷ್ಟೇ: ಹೋಗಿಬಿಡಿ. ಸಣ್ಣ ಮಕ್ಕಳು, ಬಸುರಿಯರು, ಉಬ್ಬಸ ಇರುವವರು ಮನೆಯಲ್ಲಿದ್ದರೆ ಕೆಲವು ಕೆಲಸಗಳ ಹೊತ್ತಿಗಂತೂ ಹೊರಗೆ ಹೋಗಲೇಬೇಕು. ಹಳೇ ಬಣ್ಣ ಕೆರೆಯುವುದು, ಮರಕ್ಕೆ ಗೆದ್ದಲಿನ ಔಷಧಿ ಹೊಡೆಯುವುದು, ನೀವಿರುವ ಭಾಗದ ಮಾಡು ಬಿಚ್ಚುವುದು, ಇಡೀ ಮನೆಯ ನೆಲ ಎಬ್ಬಿಸುವುದು ಇಂಥವು. ಆ ದಿನಗಳಿಗೆ ಎಲ್ಲಿ ಇರುತ್ತೀರಿ ಎಂದು ಈಗಲೇ ಮಾತಾಡಿಟ್ಟುಕೊಳ್ಳಿ. ಸಂಜೆ ಆರಕ್ಕೆ ಮೂಟೆ ಹೊತ್ತು ಯಾರ ಮನೆ ಬಾಗಿಲು ತಟ್ಟುವುದು, ಅಲ್ವಾ?

ಹಂತ 2: ಸುಮ್ನೆ ನೋಡಿ

ಹಳೇ ಮನೆ ಕೈಗೆ ಬಂದ ಕೂಡಲೇ ಒಡೆಯುವ ಆಸೆ ಬರುತ್ತದೆ. ತಡೆದುಕೊಳ್ಳಿ. ಸಾಧ್ಯವಾದರೆ ಒಂದು ಮಳೆಗಾಲ, ಒಂದು ಬೇಸಿಗೆ ಆ ಮನೆಯಲ್ಲಿ ಕಳೆಯಿರಿ. ಅಷ್ಟು ಕಾಯಲು ಆಗದಿದ್ದರೆ ಜೋರು ಮಳೆಯ ಒಂದು ದಿನವಾದರೂ ಮನೆಯ ಸುತ್ತ ನಡೆಯಿರಿ. ಕೊಡೆ ಹಿಡಿದು ನಡೆಯುವ ಆ ಅರ್ಧ ಗಂಟೆ ಹೇಳಿಕೊಡುವಷ್ಟನ್ನು ಯಾವ ತಪಾಸಣೆಯೂ ಹೇಳಿಕೊಡುವುದಿಲ್ಲ. ಸೂರಿನ ನೀರು ಎಲ್ಲಿ ಬೀಳುತ್ತಿದೆ? ಬಿದ್ದ ನೀರು ಗೋಡೆಯಿಂದ ದೂರ ಹರಿಯುತ್ತಿದೆಯಾ, ಬುಡದಲ್ಲೇ ನಿಲ್ಲುತ್ತಿದೆಯಾ? ಆಮೇಲೆ ಟಾರ್ಚ್ ಹಿಡಿದು ಅಟ್ಟ ಹತ್ತಿ. ಮರದ ಮೇಲೆ ಎಲ್ಲೆಲ್ಲಿ ಒದ್ದೆ ಕಾಣುತ್ತದೋ ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಬಿಸಿಲು ಬಂದ ಮೇಲೆ ಆ ಜಾಗ ಹುಡುಕಿದರೆ ಸಿಗುವುದಿಲ್ಲ.

ಬಿರುಕುಗಳಿಗೆ ಹೆದರಬೇಡಿ, ಅಳತೆ ಇಟ್ಟುಕೊಳ್ಳಿ. ಬಿರುಕಿನ ಎರಡೂ ತುದಿಯಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಅಗಲವನ್ನೂ ಅಳೆದು ಪಕ್ಕದಲ್ಲೇ ಬರೆಯಿರಿ. ತಿಂಗಳಿಗೊಮ್ಮೆ ನೋಡಿ. ಜೇಡಿಮಣ್ಣಿನ ನೆಲದಲ್ಲಿ ಬೇಸಿಗೆಗೆ ಬಾಯಿಬಿಟ್ಟ ಬಿರುಕು ಮಳೆಗೆ ಮುಚ್ಚಿಕೊಳ್ಳುವುದುಂಟು. ಗೆರೆ ದಾಟಿ ಮುಂದೆ ಹೋಗದಿದ್ದರೆ ಅದು ಯಾವಾಗಲೋ ಕೂತು ಸುಮ್ಮನಾದ ಹಳೇ ಬಿರುಕು. ಮುಂದೆ ಹೋಗುತ್ತಿದ್ದರೆ, ಅಥವಾ 5 ಮಿಲಿಮೀಟರಿಗಿಂತ ಅಗಲ ಇದ್ದರೆ, ಮೇಸ್ತ್ರಿಯ ಮಾತಷ್ಟೇ ಸಾಲದು. ಹಳೇ ಕಟ್ಟಡ ಗೊತ್ತಿರುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ.

ತೊಲೆಗಳನ್ನು ನೋಡುವಾಗ ನಡುವೆ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಕೊಳೆಯುವುದು ತುದಿ, ಅದೂ ಗೋಡೆಯೊಳಗೆ ಹೊಕ್ಕ ಕಡೆ. ಚೂಪಾದ ಸ್ಕ್ರೂಡ್ರೈವರ್ ಅಥವಾ ದಬ್ಬಳ ತೆಗೆದುಕೊಂಡು ಗೋಡೆ ಮತ್ತು ತೊಲೆ ಸೇರುವ ಜಾಗದಲ್ಲಿ ಒತ್ತಿ. ಗಟ್ಟಿ ಮರಕ್ಕೆ ಒಂದೆರಡು ಮಿಲಿಮೀಟರಿನಷ್ಟು ಇಳಿದು ನಿಲ್ಲುತ್ತದೆ, ಮೀಟಿದರೆ ಉದ್ದನೆಯ ಸಿಬಿರು ಏಳುತ್ತದೆ. ಕೊಳೆತದ್ದಾದರೆ ಸಲೀಸಾಗಿ ಒಳಗೆ ಹೋಗುತ್ತದೆ, ಮರ ಚೂರು ಚೂರಾಗಿ ಉದುರುತ್ತದೆ. ಗೆದ್ದಲು ಹಿಡಿದ ಮರವನ್ನು ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಹತ್ತಿರದ ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆಗಳು ಕಾಣುತ್ತವೆ. ಮರದ ತೇವ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಶಿಲೀಂಧ್ರದ ಕಾಟ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕಿಂತ ಜಾಸ್ತಿ ತೋರಿಸಿದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದೇ ಮೊದಲ ಕೆಲಸ.

ಹಂತ 3: ಕಾಗದಪತ್ರ, ದುಡ್ಡು

ಬೇಗ ಹೇಳಿ ಮುಗಿಸುತ್ತೇನೆ. ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದರೆ ಕಿಟಕಿ ಬದಲಿಸಲೂ ಅನುಮತಿ ಬೇಕಾಗಬಹುದು. ಮಾಡಿನಲ್ಲಿ ಬಾವಲಿ ಅಥವಾ ಹಕ್ಕಿಗೂಡು ಇದ್ದರೆ ಕೈ ಹಾಕುವ ಮೊದಲು ಕಾನೂನು ಕೇಳಿಕೊಳ್ಳಿ, ಎಷ್ಟೋ ದೇಶಗಳಲ್ಲಿ ಅವಕ್ಕೆ ರಕ್ಷಣೆ ಇದೆ. ಮನೆಗೆ ವಿಮೆ ಇದ್ದರೆ ಕೆಲಸ ಶುರುವಾಗುವುದಕ್ಕೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ. ರಿಪೇರಿ ನಡೆಯುತ್ತಿರುವಾಗ ಆದ ನಷ್ಟಕ್ಕೆ ಪರಿಹಾರ ಕೊಡದ ಷರತ್ತು ಹಲವು ಪಾಲಿಸಿಗಳಲ್ಲಿ ಇರುತ್ತದೆ.

ಅಂದಾಜು ಪಟ್ಟಿಯ ಮೇಲೆ ಶೇಕಡಾ 20ರಷ್ಟಾದರೂ ಬೇರೆ ತೆಗೆದಿಡಿ. ಹಳೇ ಗೋಡೆ ಬಿಚ್ಚಿದರೆ ಒಂದಕ್ಕೆ ನಾಲ್ಕು ಕೆಲಸ ಹೊರಬರುತ್ತವೆ. ಆ ದುಡ್ಡನ್ನು ಚಂದದ ಟೈಲ್ಸ್ ನೋಡಿ ಮುಟ್ಟಬೇಡಿ. ಮೇಸ್ತ್ರಿಗೆ ಎಲ್ಲವನ್ನೂ ಮುಂಗಡ ಕೊಡಬೇಡಿ. ಇಂಥ ಕೆಲಸ ಮುಗಿದರೆ ಇಷ್ಟು ಎಂದು ಮೊದಲೇ ಬರೆದುಕೊಳ್ಳಿ.

ಹಂತ 4: ನೀವಿರುವ ಭಾಗವನ್ನು ಮೊದಲು ಸಿದ್ಧ ಮಾಡಿ

ಅವಸರದಲ್ಲಿ ಎಲ್ಲರೂ ಹಾರಿಸಿಬಿಡುವ ಹಂತ ಇದೇ. ಇಡೀ ರಿಪೇರಿಯ ನೆಮ್ಮದಿ ನಿಂತಿರುವುದೂ ಇದರ ಮೇಲೇ.

ಕೆಲಸ ಕಡಿಮೆ ಇರುವ ಒಂದು ಕೋಣೆ ಆರಿಸಿಕೊಳ್ಳಿ. ಸೋರಬಾರದು, ಬಾಗಿಲು ಸರಿಯಾಗಿ ಮುಚ್ಚಬೇಕು, ಹೊರಗೆ ತೆರೆಯುವ ಕಿಟಕಿ ಇರಬೇಕು. ಇದು ನಿಮ್ಮ ಕೋಣೆ. ಸಿಮೆಂಟ್ ಚೀಲ, ಡ್ರಿಲ್, ಪೇಂಟ್ ಡಬ್ಬ, 'ಒಂದೇ ದಿನ ಇಟ್ಟುಕೊಳ್ಳಿ' ಎನ್ನುವ ಹಳೇ ಕಿಟಕಿ ಯಾವುದೂ ಒಳಗೆ ಬರಬಾರದು. ಈ ಒಂದು ವಿಷಯದಲ್ಲಿ ನಿಷ್ಠುರ ಆದರೂ ಪರವಾಗಿಲ್ಲ. ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಮಲಗಬೇಕಾಗಿ ಬಂದರೂ ಸರಿ, ಧೂಳಿಲ್ಲದ ಒಂದು ಜಾಗ ಇರಲೇಬೇಕು.

ಧೂಳು ತಡೆಯಲು ಬಾಗಿಲು ಮುಚ್ಚಿದರೆ ಸಾಲದು. ದಪ್ಪನೆಯ ಪ್ಲಾಸ್ಟಿಕ್ ಹಾಳೆ ತಂದು ಬಾಗಿಲ ಚೌಕಟ್ಟಿನ ನಾಲ್ಕೂ ಕಡೆ ಟೇಪ್ ಅಂಟಿಸಿ. ನಡುವೆ ಮೇಲಿನಿಂದ ಕೆಳಕ್ಕೆ ಒಂದು ಸೀಳು ಹಾಕಿ, ಓಡಾಡಲು ಅದೇ ದಾರಿ. ಅದರ ಮೇಲೆ ಇನ್ನೊಂದು ಹಾಳೆಯನ್ನು ಮೇಲ್ತುದಿಗೆ ಮಾತ್ರ ಅಂಟಿಸಿ ಇಳಿಬಿಡಿ. ನೀವು ದಾಟಿದ ಮೇಲೆ ಅದು ತಾನಾಗಿ ಬಿದ್ದು ಸೀಳನ್ನು ಮುಚ್ಚುತ್ತದೆ. ಕೆಲಸ ನಡೆಯುವ ಕೋಣೆಯ ಕಿಟಕಿಯಲ್ಲಿ ಗಾಳಿಯನ್ನು ಹೊರಕ್ಕೆ ತಳ್ಳುವ ಹಾಗೆ ಫ್ಯಾನ್ ಇಟ್ಟರೆ ಗಾಳಿ ನಿಮ್ಮ ಕಡೆಯಿಂದ ಆ ಕಡೆಗೆ ಹರಿಯುತ್ತದೆ. ಧೂಳು ಇತ್ತ ಬರುವುದೇ ಇಲ್ಲ ಎನ್ನುವಷ್ಟು ಕಡಿಮೆಯಾಗುತ್ತದೆ. ಆದರೆ ಮನೆಯಲ್ಲಿ ಸೌದೆ ಒಲೆ ಉರಿಯುತ್ತಿರುವಾಗ ಈ ಫ್ಯಾನ್ ಹಾಕಬೇಡಿ, ಚಿಮಣಿಯ ಹೊಗೆ ವಾಪಸ್ಸು ಒಳಗೆ ಎಳೆದುಕೊಳ್ಳುತ್ತದೆ. ಬಾಗಿಲಲ್ಲಿ ಒದ್ದೆ ಗೋಣಿಚೀಲ ಹಾಸಿ. ಕೆಲಸದ ಚಪ್ಪಲಿ ಆ ಕಡೆ, ಮನೆಯ ಚಪ್ಪಲಿ ಈ ಕಡೆ.

ಬಚ್ಚಲು ಮತ್ತು ಟಾಯ್ಲೆಟ್ ವಿಷಯದಲ್ಲಿ ಒಂದೇ ನಿಯಮ. ಹೊಸದು ಕೆಲಸ ಮಾಡುವುದನ್ನು ಕಣ್ಣಾರೆ ನೋಡುವವರೆಗೆ ಹಳೆಯದನ್ನು ಬಿಚ್ಚಿಸಬೇಡಿ. 'ನಾಳೆ ಬೆಳಿಗ್ಗೆ ಕೂರಿಸಿಬಿಡ್ತೀವಿ' ಎಂಬ ಮಾತಿಗೆ ಒಪ್ಪಿದರೆ ಆ ನಾಳೆ ಮೂರು ದಿನ ಆಗುವುದು ಮಾಮೂಲಿ. ಮೊದಲು ಯಾವುದು, ಅಡುಗೆಮನೆಯೋ ಬಚ್ಚಲುಮನೆಯೋ ಎಂದು ಕೇಳಿದರೆ ನಾನು ಬಚ್ಚಲುಮನೆ ಎನ್ನುತ್ತೇನೆ. ಅಡುಗೆಯನ್ನು ಒಂದು ಮೇಜು, ಒಂದು ಇಂಡಕ್ಷನ್ ಒಲೆ, ಎರಡು ಟಬ್ಬಿನಲ್ಲಿ ಹೇಗೋ ನಿಭಾಯಿಸಬಹುದು. ದಿನವಿಡೀ ಗಾರೆಯ ಧೂಳಿನಲ್ಲಿದ್ದು ಬಿಸಿನೀರು ಸಿಗದಿದ್ದರೆ ಎರಡನೇ ವಾರಕ್ಕೇ ಮನೆಯಲ್ಲಿ ಜಗಳ ಶುರುವಾಗುತ್ತದೆ.

ಆ ತಾತ್ಕಾಲಿಕ ಅಡುಗೆಯ ಮೂಲೆಯನ್ನು ನೀರಿನ ನಲ್ಲಿಗೆ ಹತ್ತಿರ ಇಡಿ. ಪಾತ್ರೆ ಕಡಿಮೆ ಇಟ್ಟುಕೊಳ್ಳಿ, ಉಳಿದದ್ದು ಪೆಟ್ಟಿಗೆಯಲ್ಲಿರಲಿ. ಪೆಟ್ಟಿಗೆಯ ಪಕ್ಕದ ಮೇಲೆ ಒಳಗೇನಿದೆ ಎಂದು ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಒಂದರ ಮೇಲೊಂದು ಇಟ್ಟಾಗ ಕಾಣುವುದಿಲ್ಲ.

ಕರೆಂಟಿಗೆ ಹಳೇ ವಯರ್ ನಂಬಬೇಡಿ. ರಬ್ಬರ್ ಹೊದಿಕೆಯ ಹಳೇ ವಯರ್ ಒಣಗಿ ಪುಡಿಯಾಗಿರುತ್ತದೆ, ಗೋಡೆ ಅಲುಗಾಡಿದರೂ ಹೊದಿಕೆ ಉದುರುತ್ತದೆ. ಕೆಲಸ ಶುರುವಾಗುವ ಮೊದಲೇ ಎಲೆಕ್ಟ್ರಿಷಿಯನ್ ಕೈಲಿ ಒಂದು ತಾತ್ಕಾಲಿಕ ಬೋರ್ಡ್ ಹಾಕಿಸಿ. ಅದರಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಶಾಕ್ ಹೊಡೆಯುವ ಹೊತ್ತಿಗೆ ಕ್ಷಣದಲ್ಲಿ ಲೈನ್ ಕಡಿಯುವುದು ಅದೇ. ನಿಮ್ಮ ಕೋಣೆಗೆ ಒಂದು ಲೈನ್, ಕೆಲಸದವರ ಮಷಿನ್‌ಗಳಿಗೆ ಬೇರೆ ಲೈನ್. ನೀರಿನ ಮುಖ್ಯ ವಾಲ್ವ್ ಎಲ್ಲಿದೆ, ಮೇನ್ ಸ್ವಿಚ್ ಎಲ್ಲಿದೆ ಎಂದು ಮನೆಯ ಎಲ್ಲರಿಗೂ ತೋರಿಸಿ.

ಹಂತ 5: ಕೆಲಸದ ಕ್ರಮ

ನೀರನ್ನು ಹೊರಗಿಡುವ ಕೆಲಸ ಮೊದಲು. ಮಾಡು, ಸೂರು, ಸೂರಿನ ನೀರು ಹಿಡಿದು ಸಾಗಿಸುವ ದೋಣಿ, ಚರಂಡಿ. ಗೋಡೆಯ ಬುಡದಲ್ಲಿ ವರ್ಷವರ್ಷ ಮಣ್ಣು ಸೇರಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಮೇಲೆ ಬಂದಿರುತ್ತದೆ. ಅದನ್ನು ತೆಗೆಸಿ ಹೊರನೆಲ 15 ಸೆಂಟಿಮೀಟರಾದರೂ ಕೆಳಗಿರುವಂತೆ ಮಾಡಿಸಿ, ಇಳಿಜಾರು ಗೋಡೆಯಿಂದ ಆಚೆಗಿರಲಿ. ಗೋಡೆಯ ತೇವಕ್ಕೆ ದುಬಾರಿ ರಾಸಾಯನಿಕ ಮಾರಲು ಬರುವವರನ್ನು ಈ ಕೆಲಸ ಮುಗಿದು ಒಂದು ಮಳೆಗಾಲ ಕಳೆಯುವವರೆಗೆ ಬಾಗಿಲಲ್ಲೇ ನಿಲ್ಲಿಸಿ. ಸಲಿಕೆ ಹಿಡಿದು ಮಣ್ಣು ತೆಗೆದದ್ದಕ್ಕೇ ಒಣಗಿದ ಗೋಡೆಗಳು ಬೇಕಾದಷ್ಟಿವೆ. ಹಾಗೆಂದು ಬುಡ ಪೂರ್ತಿ ಅಗೆದು ತಳಪಾಯ ಬಯಲು ಮಾಡಬೇಡಿ.

ಮಾಡು ಬಿಚ್ಚುವಾಗ ಒಂದೊಂದೇ ಭಾಗ ಬಿಚ್ಚಿಸಿ. ಬೆಳಿಗ್ಗೆ ಬಿಚ್ಚಿದ್ದು ಸಂಜೆಗೆ ಮುಚ್ಚಬೇಕು, ಅದು ಟಾರ್ಪಾಲಿನಿಂದ ಆದರೂ ಸರಿ. ಟಾರ್ಪಾಲು ಎತ್ತರದ ಕಡೆಯಿಂದ ಕೆಳಗಿನವರೆಗೆ ಬಿಗಿಯಾಗಿ ಎಳೆದಿರಬೇಕು. ನಡುವೆ ಜೋತುಬಿದ್ದರೆ ಅಲ್ಲಿ ಕೆರೆಯೇ ಆಗುತ್ತದೆ. ಇಳಿಸಿದ ಹಳೇ ಹೆಂಚು, ಕಲ್ಲು, ಕಬ್ಬಿಣದ ಕೊಂಡಿ ಎಸೆಯಲು ಬಿಡಬೇಡಿ. ಆಮೇಲೆ ಅದೇ ಅಳತೆಯದ್ದು ಹುಡುಕಿದರೆ ಸಿಗುವುದಿಲ್ಲ.

ಎರಡನೆಯದು ಮನೆಯ ಭಾರ ಹೊರುವ ಭಾಗಗಳು. ತೊಲೆಯ ತುದಿ ಕೊಳೆತಿದ್ದರೆ ಪೂರ್ತಿ ತೊಲೆ ಬದಲಿಸಬೇಕೆಂದೇನೂ ಇಲ್ಲ. ಕೊಳೆತಷ್ಟನ್ನು ಕತ್ತರಿಸಿ ಹೊಸ ಮರ ಬೆಸೆಯಬಹುದು, ಇಲ್ಲವೇ ಉಕ್ಕಿನ ಪಟ್ಟಿ ಕೊಡಬಹುದು. ಹೇಗೆ ಅನ್ನುವುದನ್ನು ಎಂಜಿನಿಯರ್ ಹೇಳಲಿ, ಜಾಕ್ ಕೊಟ್ಟು ಭಾರ ಹೊರಿಸದೆ ಯಾರೂ ಮುಟ್ಟದಿರಲಿ. ಆ ಕೋಣೆಯ ಕೆಳಗೂ ಮೇಲೂ ಆ ದಿನಗಳಲ್ಲಿ ಯಾರೂ ಮಲಗಬಾರದು.

ಅದಾದ ಮೇಲೆ ಗೋಡೆಯೊಳಗೆ ಹೋಗುವ ವಯರು, ಪೈಪು. ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಅಳತೆಪಟ್ಟಿ ಕಾಣುವ ಹಾಗೆ. ಮುಂದೆ ಮೊಳೆ ಹೊಡೆಯುವಾಗ ಆ ಫೋಟೋವೇ ನಕ್ಷೆ. ಕೊನೆಗೆ ಗಾರೆ, ನೆಲ, ಬಣ್ಣ. ಒಂದು ಭಾಗ ಪೂರ್ತಿ ಮುಗಿಸಿ, ಅಲ್ಲಿಗೆ ವಾಸ ಬದಲಿಸಿ, ಆಮೇಲೆ ನೀವು ಬಿಟ್ಟ ಭಾಗಕ್ಕೆ ಕೈ ಹಾಕಿ. ಎಲ್ಲ ಕೋಣೆಯೂ ಅರ್ಧಂಬರ್ಧ ಇರುವ ಮನೆಯಲ್ಲಿ ಬದುಕುವುದು ಬಹಳ ಕಷ್ಟ.

ಹಂತ 6: ಸುಣ್ಣದ ಗೋಡೆಗೆ ಸುಣ್ಣವೇ

ಹಳೇ ಕಲ್ಲಿನ, ಮಣ್ಣಿನ, ಮೆತ್ತನೆ ಇಟ್ಟಿಗೆಯ ಗೋಡೆಗಳು ನೀರನ್ನು ತಡೆಯುವುದಿಲ್ಲ. ಒಂದಿಷ್ಟು ಹೀರಿಕೊಳ್ಳುತ್ತವೆ, ಬಿಸಿಲು ಗಾಳಿಗೆ ಮತ್ತೆ ಬಿಟ್ಟುಕೊಡುತ್ತವೆ. ಅದರ ಮೇಲೆ ಸಿಮೆಂಟ್ ಗಾರೆ ಬಳಿದರೆ ಕೂದಲೆಳೆಯ ಬಿರುಕುಗಳಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಒಂದೆರಡು ವರ್ಷ ಚಂದ ಕಾಣುತ್ತದೆ. ಆಮೇಲೆ ಗೋಡೆಯ ಕೆಳಭಾಗದಲ್ಲಿ ಬಿಳಿ ಉಪ್ಪು ಬಿಡುತ್ತದೆ, ಗಾರೆ ಉಬ್ಬಿ ಹಪ್ಪಳದಂತೆ ಏಳುತ್ತದೆ. ಮಣ್ಣಿನ ಗೋಡೆಯಾದರೆ ಒಳಗೇ ಮೆತ್ತಗಾಗಿ ಬುಡವೇ ಕುಸಿಯಬಹುದು.

ಯಾರೋ ಹಿಂದೆ ಸಿಮೆಂಟ್ ಬಳಿದಿದ್ದರೆ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ. ಡಬ್ ಡಬ್ ಎಂದರೆ ಒಳಗೆ ಪೊಳ್ಳು, ಅದನ್ನು ತೆಗೆಸಬಹುದು. ಕಲ್ಲಿಗೆ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಕೀಳಲು ಹೋಗಿ ಕಲ್ಲನ್ನೇ ಒಡೆಯಬೇಡಿ.

ಸುಣ್ಣದ ಗಾರೆಗೆ ತಾಳ್ಮೆ ಬೇಕು. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಗೋಡೆಯನ್ನು ಮೊದಲೇ ನೆನೆಸಿ, ಒಂದು ಸಲಕ್ಕೆ 10 ಮಿಲಿಮೀಟರಿನಷ್ಟು ಮಾತ್ರ ಬಳಿಸಿ. ಮೊದಲ ಕೆಲವು ದಿನ ನೇರ ಬಿಸಿಲು ಬೀಳದಂತೆ ಒದ್ದೆ ಗೋಣಿ ಇಳಿಬಿಟ್ಟು ನೀರು ಚಿಮುಕಿಸುತ್ತಿರಿ. 5 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಈ ಕೆಲಸ ಬೇಡ. 'ಬೇಗ ಹಿಡಿಯಲಿ' ಎಂದು ಸ್ವಲ್ಪ ಸಿಮೆಂಟ್ ಕಲಸುವ ಅಭ್ಯಾಸ ಕೆಲವರಿಗಿದೆ, ಕಲಸುವ ಜಾಗಕ್ಕೆ ಹೋಗಿ ನೋಡುತ್ತಿರಿ. ಬಣ್ಣಕ್ಕೂ ಪ್ಲಾಸ್ಟಿಕ್ ಎಮಲ್ಷನ್ ಬೇಡ. ಹಾಲಿನಷ್ಟು ತೆಳ್ಳಗೆ ಕಲಸಿದ ಸುಣ್ಣವನ್ನು ಮೂರ್ನಾಲ್ಕು ಸಲ ಬಳಿದರೆ ಗೋಡೆ ಉಸಿರಾಡುತ್ತದೆ.

ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಮತ್ತು ಕೈಗವಸು ಇಲ್ಲದೆ ಯಾರೂ ಮುಟ್ಟಬಾರದು. ಬಿದ್ದರೆ ಶುದ್ಧ ನೀರಿನಿಂದ 20 ನಿಮಿಷ ತೊಳೆದು ಡಾಕ್ಟರ ಹತ್ತಿರ ಓಡಿ. ಮಕ್ಕಳಿರುವ ಮನೆಯಲ್ಲಿ ಸುಣ್ಣದ ತೊಟ್ಟಿಗೆ ಮುಚ್ಚಳ ಮತ್ತು ಬೇಲಿ ಎರಡೂ ಇರಲಿ.

ಹಂತ 7: ಕಾಣದ ವಿಷಗಳು

ಹಳೇ ಆಯಿಲ್ ಪೇಂಟಿನಲ್ಲಿ ಸೀಸ ಇರುವುದು ಸಾಮಾನ್ಯ. ಅಮೆರಿಕದಲ್ಲಿ ಮನೆಗಳಿಗೆ ಬಳಿಯುವ ಸೀಸದ ಬಣ್ಣ ನಿಂತದ್ದೇ 1978ರಲ್ಲಿ. ಹಾಗಾಗಿ ಪರೀಕ್ಷೆ ಮಾಡಿಸುವವರೆಗೆ ಸೀಸ ಇದೆ ಎಂದೇ ತಿಳಿಯಿರಿ. ಒಣ ಉಜ್ಜುಕಾಗದ, ಸ್ಯಾಂಡಿಂಗ್ ಮಷಿನ್, ಬೆಂಕಿ ಮೂರೂ ಬೇಡ. ನೀರು ಚಿಮುಕಿಸಿ ಕೆರೆಯಬೇಕು. ಗಟ್ಟಿಯಾಗಿ ಅಂಟಿಕೊಂಡ ಪದರವನ್ನು ಹಾಗೇ ಬಿಟ್ಟು ಮೇಲೆ ಹೊಸ ಬಣ್ಣ ಹಚ್ಚುವುದೇ ಎಷ್ಟೋ ಸಲ ಜಾಣತನ. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಈ ಧೂಳನ್ನು ಹಿಡಿಯುವುದಿಲ್ಲ, ಮನೆಯೆಲ್ಲ ಹರಡುತ್ತದೆ. ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದು ಬೇಕು, ಇಲ್ಲವೇ ಒದ್ದೆ ಬಟ್ಟೆ.

ಕಲ್ನಾರಿನ (ಆಸ್ಬೆಸ್ಟಾಸ್) ಶೀಟು, ಹಳೇ ಪೈಪಿಗೆ ಸುತ್ತಿದ ಬಿಳಿ ಹೊದಿಕೆ ಕಂಡರೆ ಒಡೆಯಬೇಡಿ, ಕೊರೆಯಬೇಡಿ, ಗುಡಿಸಬೇಡಿ. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ರೋಗ ಹತ್ತಾರು ವರ್ಷ ಬಿಟ್ಟು ಕಾಣಿಸಿಕೊಳ್ಳುತ್ತದೆ. ಅದನ್ನು ತೆಗೆಯಲು ತರಬೇತಿ ಇರುವವರನ್ನೇ ಕರೆಸಿ. ಕಲ್ಲು ಕತ್ತರಿಸುವಾಗ ಏಳುವ ಸಿಲಿಕಾ ಧೂಳೂ ಕಡಿಮೆಯದ್ದಲ್ಲ. ಕಟಿಂಗ್ ಮಷಿನ್ ಹೊರಗೆ ಇಡಿಸಿ, ನೀರು ಬಿಟ್ಟು ಕೊಯ್ಯಿಸಿ. ಬಟ್ಟೆ ಕಟ್ಟಿಕೊಂಡರೆ ಪ್ರಯೋಜನವಿಲ್ಲ, ಎನ್95 ಮಾಸ್ಕ್ ಆದರೂ ಇರಬೇಕು.

ಹಂತ 8: ಬೆಂಕಿ

ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ ಅಪ್‌ಪಾರ್ಕ್ ಎಂಬ 17ನೇ ಶತಮಾನದ ಹಳ್ಳಿಯ ಬಂಗಲೆ ಇದೆ. 1989ರ ಆಗಸ್ಟ್ 30ರಂದು ಮಾಡಿನ ಸೀಸದ ತಗಡು ರಿಪೇರಿ ಮಾಡುವಾಗ ಬೆಂಕಿ ಹತ್ತಿ ಬಹುಪಾಲು ಸುಟ್ಟುಹೋಯಿತು. ಕೆಲಸ ಮುಗಿಯಲು ಎರಡೇ ದಿನ ಬಾಕಿ ಇತ್ತು. ಮತ್ತೆ ಕಟ್ಟಿ ಜನರಿಗೆ ತೆರೆದದ್ದು 1995ರಲ್ಲಿ. ಹಳೇ ಕಟ್ಟಡಗಳಿಗೆ ಬೆಂಕಿಯ ಅಪಾಯ ಜಾಸ್ತಿ ಇರುವುದು ರಿಪೇರಿ ನಡೆಯುವಾಗಲೇ. ನೂರಾರು ವರ್ಷ ಒಣಗಿದ ಮರ, ಅಟ್ಟದಲ್ಲಿ ಹುಲ್ಲು, ಹಕ್ಕಿಗೂಡು, ಅದರ ಪಕ್ಕದಲ್ಲೇ ವೆಲ್ಡಿಂಗ್ ಕಿಡಿ.

ಆದ್ದರಿಂದ ವೆಲ್ಡಿಂಗ್, ಬ್ಲೋ ಲ್ಯಾಂಪ್ ಕೆಲಸ ಆದಷ್ಟೂ ಹೊರಗೆ, ನೆಲದ ಮೇಲೆ ಆಗಲಿ. ಒಳಗೆ ಮಾಡಲೇಬೇಕಿದ್ದರೆ ಮಧ್ಯಾಹ್ನದ ಹೊತ್ತಿಗೆ ಮುಗಿಸಬೇಕು. ಮುಗಿದ ಮೇಲೆ ಒಂದು ಗಂಟೆಯಾದರೂ ಒಬ್ಬರು ಅಲ್ಲೇ ಇದ್ದು ನೋಡಬೇಕು, ಸಂಜೆ ಇನ್ನೊಮ್ಮೆ ಮೂಸಿ ನೋಡಿ ಬರಬೇಕು. ಇನ್ನೊಂದು ಅಷ್ಟಾಗಿ ಗೊತ್ತಿಲ್ಲದ ಅಪಾಯ: ಮರಕ್ಕೆ ಅಗಸೆ ಎಣ್ಣೆ ಒರೆಸಿದ ಬಟ್ಟೆ. ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿಡಿ. ನಿಮ್ಮ ಮಲಗುವ ಕೋಣೆಯಲ್ಲಿ ಹೊಗೆ ಅಲಾರಂ, ಹೊರಗೆ ಹೋಗಲು ಸಾಮಾನು ಅಡ್ಡವಿಲ್ಲದ ದಾರಿ ಇರಲಿ. ಜನರೇಟರ್ ಮತ್ತು ಕೆಂಡದ ಒಲೆ ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ, ಅವುಗಳಿಂದ ಬರುವ ವಿಷಾನಿಲ ಇಂಗಾಲದ ಮೊನಾಕ್ಸೈಡಿಗೆ ವಾಸನೆ ಇರುವುದಿಲ್ಲ.

ಹಂತ 9: ದಿನದ ಬದುಕು

ಕೆಲಸದವರು ಎಷ್ಟಕ್ಕೆ ಬರುತ್ತಾರೆ, ಎಷ್ಟಕ್ಕೆ ಹೋಗುತ್ತಾರೆ, ಯಾವ ಟಾಯ್ಲೆಟ್ ಬಳಸುತ್ತಾರೆ, ಸಾಮಾನು ಎಲ್ಲಿ ಇಳಿಸುತ್ತಾರೆ, ಇವೆಲ್ಲ ಮೊದಲ ದಿನವೇ ಮಾತಾಗಲಿ. ಮನೆಯಿಂದ ಒಬ್ಬರೇ ಮೇಸ್ತ್ರಿಯ ಜೊತೆ ಮಾತಾಡಬೇಕು. ಬೆಳಿಗ್ಗೆ ಗಂಡ ಒಂದು, ಮಧ್ಯಾಹ್ನ ಹೆಂಡತಿ ಒಂದು, ಸಂಜೆ ಅಪ್ಪ ಇನ್ನೊಂದು ಹೇಳಿದರೆ ಮೇಸ್ತ್ರಿ ತನಗೆ ಸುಲಭವಾದದ್ದನ್ನು ಮಾಡಿ ಮುಗಿಸುತ್ತಾರೆ. ತಪ್ಪು ಅವರದ್ದಲ್ಲ. ಬದಲಾವಣೆ ಏನೇ ಇದ್ದರೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಖರ್ಚು ಎಷ್ಟು ಹೆಚ್ಚುತ್ತದೆ ಎಂದು ಕೇಳಿ, ಇಬ್ಬರೂ ಸಹಿ ಹಾಕಿ.

ವಾರಕ್ಕೊಂದು ದಿನ ಸುತ್ತಿಗೆಯ ಸದ್ದೇ ಬೇಡ. ನೀವೇ ಮಾಡಿಕೊಳ್ಳುವ ಸಣ್ಣಪುಟ್ಟ ಕೆಲಸವೂ ಬೇಡ. ಸಂಜೆ ಅರ್ಧ ಗಂಟೆ ಓಡಾಡುವ ದಾರಿ ಗುಡಿಸಿ, ಮೊಳೆ ಹೆಕ್ಕಿ. ಗುಡಿಸುವ ಮುಂಚೆ ನೀರು ಚಿಮುಕಿಸಿ.

ಹಂತ 10: ಮುಗಿದ ಭಾಗಕ್ಕೆ ಹೋಗುವಾಗ

ಹೊಸ ಗಾರೆ ಒಣಗುವ ಮೊದಲು ಬೀರು, ಮಂಚ ಗೋಡೆಗೆ ಒತ್ತಿ ಇಡಬೇಡಿ. ಒಂದು ಗೇಣು ಬಿಟ್ಟು ಇಡಿ, ಕಿಟಕಿ ತೆರೆದಿರಲಿ. ಬಳಸದೆ ನಿಂತಿದ್ದ ಪೈಪಿನಲ್ಲಿ ಕೆಲವು ನಿಮಿಷ ನೀರು ಹರಿಸಿದ ಮೇಲೆ ಕುಡಿಯಿರಿ. ಹಳೇ ಪೈಪು ಸೀಸದ್ದಾದರೆ ಬದಲಿಸಲೇಬೇಕು.

ಮರ ಹೊಸ ಹವೆಗೆ ಹೊಂದಿಕೊಳ್ಳುವಾಗ ಬಾಗಿಲುಗಳು ಬಿಗಿಯಾಗುವುದು, ಗಾರೆಯಲ್ಲಿ ಸಣ್ಣ ಗೆರೆ ಮೂಡುವುದು ಇದ್ದದ್ದೇ. ಕೂಡಲೇ ಕೀಸುಳಿ ಹಾಕಿಸಬೇಡಿ, ಬೇಸಿಗೆಗೆ ಸಂದು ಬೀಳುತ್ತದೆ. ಇಂಗ್ಲೆಂಡಿನ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಲಂಡನ್ನಿನಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆಂದು ಒಂದು ಸಂಘ ಕಟ್ಟಿದಾಗ ಒತ್ತಿ ಹೇಳಿದ್ದು ದಿನದಿನದ ಆರೈಕೆಯನ್ನೇ. ದೋಣಿಯಲ್ಲಿ ಎಲೆ ತೆಗೆಯುವುದು, ಜಾರಿದ ಹೆಂಚು ಕೂರಿಸುವುದು ಅದರಲ್ಲಿ ಮೊದಲು.

ಮೇಸ್ತ್ರಿಯ ಲೆಕ್ಕ ಚುಕ್ತಾ ಮಾಡುವಾಗ ಶೇಕಡಾ 5ರಷ್ಟು ಬಾಕಿ ಇಟ್ಟುಕೊಳ್ಳುವ ಮಾತು ಕರಾರಿನಲ್ಲೇ ಇರಲಿ. ಮೊದಲ ಜೋರು ಮಳೆ ಬಂದು ಹೋದ ಮೇಲೆ ಅವರನ್ನೂ ಕರೆದುಕೊಂಡು, ಮೊದಲು ಸೀಮೆಸುಣ್ಣದ ಗುರುತು ಹಾಕಿದ ಜಾಗಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿ. ಒಣಗಿದ್ದರೆ ಬಾಕಿ ದುಡ್ಡು ಅವತ್ತೇ ಕೊಟ್ಟುಬಿಡಿ.